ಕಬ್ಜೆಯಲ್ಲಿದ್ದ ಹೆಂಗಸು

ಆಕೆಯನ್ನು ನಾನು ಮೊದಲು ನೋಡಿದ್ದು ಶಿರಸಿಯ ಆಸ್ಪತ್ರೆಯೊಂದರ ವರಾಂಡದ ಬೆಂಚಿನ ಮೇಲೆ. ಎಡಗೈ ಮುರಿದು ಮೊಣಕೈಯಿಂದ ಕೆಳಗೆ ಊದಿಕೊಂಡಿತ್ತು. ಕೆಳತುಟಿ ಸೀಳಿತ್ತು. ಸೀರೆಯ ಮುಂಭಾಗವೆಲ್ಲ ರಕ್ತ. ಅದರಲ್ಲಿ ಹೆಚ್ಚಿನದು ಆಕೆಯದಲ್ಲ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ವಕೀಲಿ ಶುರುಮಾಡಿ ಇನ್ನೂ ಒಂದು ವರ್ಷವಾಗಿರಲಿಲ್ಲ. ಸಿದ್ದಾಪುರದ ಕಡೆಯಿಂದ ಬಂದು ಶಿರಸಿಯಲ್ಲಿ ಕೋಣೆ ಹಿಡಿದು, ಹುಲೇಕಲ್ ಕಡೆಯ ಹಿರಿಯ ವಕೀಲರೊಬ್ಬರ ಕೈಕೆಳಗೆ ಫೈಲು ಹೊರುತ್ತಿದ್ದೆ. "ಬನವಾಸಿ ಬದಿಯ ಹೆಂಗ್ಸಿಗೆ ಹೊಡದ್ವಡ. ಹೋಗಿ ಎಂತ ಆಜು ಕೇಳಿ ಬರ್ಕಂಡು ಬಾ" ಎಂದು ಅವರು ಅಟ್ಟಿದ್ದರು.

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ವಕೀಲ್ರು ನೀವ ಏನ್ರಿ?"

"ಅವರ ಜೂನಿಯರ್."

"ಸಣ್ಣಾವರನ್ನ ಕಳಿಸ್ಯಾರ" ಎಂದಳು. ಆಮೇಲೆ ಒಳಗಿನ ಕೋಣೆಯತ್ತ ಗದ್ದ ಎತ್ತಿ, "ಕೈಗೆ ಪಟ್ಟಿ ಹಾಕಾಕ ಎಷ್ಟ ಹೊತ್ತ ಆಗತೈತಿ ಕೇಳ್ರಿ. ನಾ ಸಂಜಿ ಬಸ್ಸಿಗೆ ಹೋಗಬೇಕು."

ಎರಡು ದಿನ ಇರಬೇಕು ಎಂದು ಡಾಕ್ಟರು ಹೇಳಿದರು. ಆಕೆ ಒಪ್ಪಲಿಲ್ಲ. "ನಾ ಇಲ್ಲಿ ಮಕ್ಕೊಂಡ್ರ ಅಲ್ಲಿ ಅವರು ಕುಂದರತಾರ" ಎಂದಳು. ಹಸಿ ಪ್ಲಾಸ್ಟರಿನ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಸಂಜೆಯ ಬಸ್ಸು ಹತ್ತಿ ಹೋಗಿಯೇಬಿಟ್ಟಳು.

ಅಂದಿನಿಂದ ಹತ್ತು ವರ್ಷ ನನಗೆ ಆಕೆಯ ಪರಿಚಯವಿತ್ತು. ನಾನು "ಅಕ್ಕ" ಎನ್ನುತ್ತಿದ್ದೆ. ಆಕೆ ಸಿಟ್ಟಿಲ್ಲದಾಗ "ತಮ್ಮಾ", ಸಿಟ್ಟಿದ್ದಾಗ "ವಕೀಲ್ರ" ಎನ್ನುತ್ತಿದ್ದಳು. ಗಿಡ್ಡ ಆಳು, ಅಗಲ ಭುಜ. ನಲವತ್ತೈದರ ಆಸುಪಾಸು. ಹೊಡೆತ ಬಡಿತದ ಮಾತನ್ನು ದನಿ ಏರಿಸದೆ ಹೇಳುತ್ತಿದ್ದಳು. ಸತ್ತುಹೋಗಿದ್ದ ಗಂಡನ ಬಗ್ಗೆ ಒಮ್ಮೆ ಕೇಳಿದಾಗ, "ಛಲೋ ಮನಷಾ. ಮದ್ವಿ ಆದ ವರ್ಷ ನನಗ ಒಂದ ಹೊಡದ. ನಾ ಎರಡ ಹೊಡದೆ. ಆಮ್ಯಾಲ ಇಬ್ರೂ ಬಿಟ್ವಿ" ಎಂದಿದ್ದಳು. ಅದರಲ್ಲಿ ಆಕೆಗೆ ನಗುವಂಥದ್ದೇನೂ ಕಾಣಲಿಲ್ಲ. ನಾನು ನಕ್ಕಿದ್ದಕ್ಕೆ ಬೇಜಾರಾಯಿತು.

ಎಲ್ಲದಕ್ಕೂ ಮೂಲ ಎರಡು ಎಕರೆ ಗದ್ದೆ. ಗಂಡ ಬದುಕಿದ್ದಾಗ ಅದನ್ನು ಪಕ್ಕದ ಜಮೀನಿನ ಯಜಮಾನನಿಂದ ಕೊಂಡಿದ್ದ. ಪೂರ್ತಿ ಹಣ ಕೊಟ್ಟಾಗಿತ್ತು. ಮಾರಿದವನು ಕೆಟ್ಟವನೇನಲ್ಲ. "ಸರ್ವೆ ಆಗಿ ಪೋಡಿ ಆಗಬೇಕು, ಆಮ್ಯಾಲ ರಿಜಿಸ್ಟರ್ ಮಾಡಸೂಣು" ಎಂದು ಸದ್ಯಕ್ಕೆ ಒಂದು ಛಾಪಾ ಕಾಗದದ ಮೇಲೆ ಗದ್ದೆ ಮಾರಿದ್ದೇನೆ, ಕಬ್ಜೆ, ಎಂದರೆ ಸ್ವಾಧೀನ, ಬಿಟ್ಟುಕೊಟ್ಟಿದ್ದೇನೆ ಎಂದು ಬರೆಸಿ ಸಹಿ ಹಾಕಿದ. ಸಾಕ್ಷಿಗೆ ಇಬ್ಬರ ಸಹಿ: ಊರಿನ ಒಬ್ಬ ಮುದುಕ, ಇನ್ನೊಂದು ಮಾರಿದವನ ಕಿರಿಯ ಮಗನದು. ಗದ್ದೆಯನ್ನು ಅಳೆದು ಬೇರೆ ನಂಬರು ಮಾಡುವ ಆ ಪೋಡಿ ಆಗಲೇ ಇಲ್ಲ. ಮೊದಲು ಮುದುಕ ಹೋದ, ಆಮೇಲೆ ಮಾರಿದವನು, ಅದೇ ಮಳೆಗಾಲದಲ್ಲಿ ಆಕೆಯ ಗಂಡ. ಕಾಗದ ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮಾಡಿನ ಸಂದಿಯಲ್ಲಿತ್ತು. ಅಷ್ಟರಲ್ಲಿ ರಸ್ತೆ ಅಗಲವಾಗಿ ಆ ಬದಿಯ ಭೂಮಿಗೆ ಬೆಲೆ ಬಂತು. ಮಾರಿದವನ ಹಿರಿಯ ಮಗ ಅದೇ ಗದ್ದೆಯನ್ನು ಪೇಟೆಯ ಒಬ್ಬ ಸಾಹುಕಾರನಿಗೆ ಮತ್ತೊಮ್ಮೆ ಮಾರಿದ. ಈ ಸಲ ರಿಜಿಸ್ಟರ್ ಮಾಡಿಯೇ ಮಾರಿದ. ಗದ್ದೆ ಖಾಲಿ ಮಾಡಿಸಿಕೊಡುವ ಮಾತೂ ಕೊಟ್ಟ.

ಕೊಯ್ಲಿನ ವಾರ ನೋಡಿ ಬಂದರು. ಹಿರಿಯ ಮಗ, ಅವನ ಜೊತೆ ದೊಣ್ಣೆ ಹಿಡಿದ ಆರು ಮಂದಿ, ಹಿಂದೆ ಟ್ರ್ಯಾಕ್ಟರು. ಅದನ್ನು ಓಡಿಸುತ್ತಿದ್ದವನು ಕಿರಿಯ ಮಗ. ಕಸುಬಿನಲ್ಲಿ ಲಾರಿ ಡ್ರೈವರು, ಅಣ್ಣ ಕರೆದನೆಂದು ಬಂದಿದ್ದ. ನಿಂತ ಪೈರನ್ನು ಉತ್ತು, ಗದ್ದೆಯಲ್ಲಿದ್ದ ಆಕೆಯ ತಗಡಿನ ಗುಡಿಸಲು ಕೆಡವಿ, ಅಲ್ಲಿ ಯಾರೂ ಇರಲೇ ಇಲ್ಲ ಎಂದು ಮಾಡುವ ಲೆಕ್ಕ ಅವರದು. ಕೊಯ್ಯಲು ಬಂದಿದ್ದ ಹೆಂಗಸರು ಕೂಗುತ್ತ ರಸ್ತೆಗೆ ಓಡಿದರು. ಮೊದಲು ಬಣವೆಗೆ ಬೆಂಕಿ ಬಿತ್ತು. ಆಕೆ ಟ್ರ್ಯಾಕ್ಟರಿಗೆ ಅಡ್ಡ ನಿಂತಳು. ಒಬ್ಬ ದೊಣ್ಣೆ ಎತ್ತಿದ, ಆಕೆ ಎಡಗೈ ಅಡ್ಡ ಕೊಟ್ಟಳು, ಅದು ಮುರಿಯಿತು. ಬಿದ್ದ ಮೇಲೆ ಹೊಟ್ಟೆಗೆ ಒದ್ದರು. ಒದ್ದ ಕಾಲನ್ನು ಕಚ್ಚಿ ಹಿಡಿದಳು. ಬಲಗೈಯಲ್ಲಿ ಕುಡಗೋಲು ಇದ್ದೇ ಇತ್ತು. ಅದು ಕಿರಿಯ ಮಗನ ಮುಖಕ್ಕೆ ಬಿತ್ತು. ಹುಬ್ಬಿನಿಂದ ಕೆನ್ನೆಯವರೆಗೆ ಸೀಳಿ ಬಲಗಣ್ಣು ಹೋಯಿತು. ಅವನ ಚೀರಾಟಕ್ಕೆ ಉಳಿದವರು ನಿಂತರು. ಅವನನ್ನು ಎತ್ತಿ ಹುಬ್ಬಳ್ಳಿಗೆ ಒಯ್ದರು.

ಇಷ್ಟನ್ನು ಆಕೆ ಆ ಬೆಂಚಿನ ಮೇಲೆ ಕೂತೇ ಹೇಳಿದಳು. ಕೊನೆಯದು ಮಾತ್ರ ಸ್ಪಷ್ಟವಾಗಲಿಲ್ಲ.

"ಟ್ರ್ಯಾಕ್ಟರಿನವನಿಗೆ ಹೇಗೆ ಬಿತ್ತು ಅಕ್ಕ?"

"ಬಿತ್ತು."

"ಅವನು ಟ್ರ್ಯಾಕ್ಟರು ಮೈಮೇಲೆ ತಂದನೇ?"

ಆಕೆ ಗೋಡೆ ನೋಡಿದಳು. "ಹಂಗ ಬರಕೋರಿ" ಎಂದಳು.

ಹಾಗೇ ಬರೆದುಕೊಂಡೆ. ಪೊಲೀಸರು ಎರಡೂ ಕಡೆಯವರ ಮೇಲೆ ಕೇಸು ಹಾಕಿದರು. ಗದ್ದೆಯಿಂದ ಆಕೆಯನ್ನು ಬಿಡಿಸಿಕೊಡಬೇಕೆಂದು ಸಾಹುಕಾರ ಬೇರೆ ದಾವೆ ಹೂಡಿದ.

ಆ ಕಾಗದವನ್ನು ನಮ್ಮ ಹಿರಿಯರ ಮೇಜಿನ ಮೇಲೆ ಬಿಚ್ಚಿಟ್ಟ ದಿನ ನೆನಪಿದೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು, "ನೋಡು ತಂಗಿ, ಇದರಿಂದ ಗದ್ದೆ ನಿನ್ನದಾಗಲಿಲ್ಲ" ಎಂದರು.

"ರೊಕ್ಕ ಎಲ್ಲಾ ಕೊಟ್ಟೇವ್ರಿ."

"ಕೊಟ್ಟಿದ್ದೀ. ಆದರೂ ರಿಜಿಸ್ಟರ್ ಆಗದೆ ಮಾಲಕಿ ಹಕ್ಕು ಬರೂದಿಲ್ಲ. ನೀನಾಗಿ ಕೋರ್ಟಿಗೆ ಹೋಗಿ ಗದ್ದೆ ನನ್ನದು ಅನ್ನೂಕೆ ಈ ಕಾಗದ ನಡಿಯೂದಿಲ್ಲ."

"ಹಂಗಾರ ಇದು ಯಾತಕ್ಕ ಬರತೈತಿ?"

"ಒಂದಕ್ಕೇ ಬರ್ತದೆ. ಬರೆದುಕೊಟ್ಟು, ಹಣ ತಗೊಂಡು, ಕಬ್ಜೆ ಬಿಟ್ಟುಕೊಟ್ಟ ಮೇಲೆ ಅವನಾಗಲಿ, ಅವನ ಮಕ್ಕಳಾಗಲಿ, ಇದು ಗೊತ್ತಿದ್ದೂ ಅವರಿಂದ ಕೊಂಡವರಾಗಲಿ ಬಂದು ಏಳು ಅಂದರೆ, ನಾನು ಏಳೂದಿಲ್ಲ ಅನ್ನೂಕೆ ಬರ್ತದೆ. ಆದರೆ ನೀನು ಅಲ್ಲಿ ಇರಬೇಕು. ಕಬ್ಜೆ ತಪ್ಪಿತು ಅಂದ್ರೆ ಈ ಕಾಗದ ಒಲೆಗೆ ಹಾಕು."

ಆಕೆ ಕಾಗದವನ್ನು ಮತ್ತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದಳು. "ಅಂದ್ರ ನಾ ಕುಂತಿರೂತನ ನಂದು."

"ಅಷ್ಟೇ."

ಆ ಕಾಗದ ಬರೆದ ಕಾಲಕ್ಕೆ ಕಾನೂನಿನಲ್ಲಿ ಅಷ್ಟಾದರೂ ದಾರಿ ಇತ್ತು. ಕೆಲವು ವರ್ಷಗಳ ಮೇಲೆ ತಿದ್ದುಪಡಿ ಬಂದು, ಅಂಥ ಕರಾರೂ ರಿಜಿಸ್ಟರ್ ಆಗಿದ್ದರೆ ಮಾತ್ರ ಆ ರಕ್ಷಣೆ ಎಂದಾಯಿತು. ಹಳೆಯ ಕಾಗದವಾದ್ದರಿಂದ ಆಕೆ ಉಳಿದುಕೊಂಡಳು. ಈಗ ನನ್ನ ಬಳಿ ಅಂಥ ಕಾಗದ ಹಿಡಿದು ಬರುವವರಿಗೆ ನಾನು ಆ ಮಾತನ್ನೂ ಹೇಳುವಂತಿಲ್ಲ.

ಅಂದಿನಿಂದ ಆಕೆ ಗದ್ದೆ ಬಿಟ್ಟು ಬೇರೆಲ್ಲೂ ಮಲಗಲಿಲ್ಲ. ತಂಗಿಯ ಮನೆಯ ಮದುವೆಗೆ ಹೋಗಲಿಲ್ಲ. ಕೋರ್ಟಿಗೆ ಬಂದರೆ ಕೆಲಸ ಮುಗಿದ ಕೂಡಲೇ ಬಸ್ ನಿಲ್ದಾಣಕ್ಕೆ ಓಡುತ್ತಿದ್ದಳು. ಹಿರಿಯ ಮಗನ ಕಡೆಯವರೂ ಸುಮ್ಮನಿರಲಿಲ್ಲ. ಆಕೆಯ ಎರಡು ನಾಯಿಗಳು ವಿಷ ತಿಂದು ಸತ್ತವು. ಬಾವಿಗೆ ಸತ್ತ ಹಂದಿ ಬಿತ್ತು. ಒಂದು ದಿನ ಬದು ಕಡಿಯಲು ಬಂದವನ ಹೆಗಲಿನ ಮೂಳೆಯನ್ನು ಆಕೆ ಗುದ್ದಲಿಯ ಕಾವಿನಿಂದ ಮುರಿದಳು. ಅದಕ್ಕೊಂದು ಕೇಸು. ಹಾವೇರಿ ಕಡೆಗೆ ಮದುವೆಯಾಗಿದ್ದ ಮಗಳ ಗಂಡ, ರಾಜಿ ಮಾಡಿಕೊಂಡು ಅವರು ಕೊಟ್ಟಷ್ಟು ತಗೊಳ್ಳೋಣ ಎಂದದ್ದಕ್ಕೆ, ಊಟಕ್ಕೆ ಕೂತಿದ್ದ ಅವನ ಕೆನ್ನೆಗೆ ಹೊಡೆದಳು. ಅಳಿಯ ಎಲೆ ಬಿಟ್ಟು ಎದ್ದುಹೋದ. ನಾನು ಬೈದಾಗ, "ಹೌದು, ಉಣ್ಣಾಕ ಬಿಟ್ಟ ಆಮ್ಯಾಲ ಹೊಡೀಬೇಕಿತ್ತು" ಎಂದಳು.

ನನಗೂ ಪಾಲು ಬಂತು. ಸ್ಥಳ ನೋಡಿಕೊಂಡು ಸ್ಕೂಟರಿನಲ್ಲಿ ವಾಪಸು ಬರುವಾಗ ಎರಡು ಬೈಕು ಅಡ್ಡ ನಿಂತವು. ಒಬ್ಬ ಮೂಗಿಗೆ ಗುದ್ದಿದ, ಒಬ್ಬ ಫೈಲನ್ನು ಕಾಲುವೆಗೆ ಎಸೆದ. ಮೂಗಿಗೆ ಹತ್ತಿ ತುರುಕಿಕೊಂಡ ನನ್ನನ್ನು ನೋಡಿ ಆಕೆ ಜೀವನದಲ್ಲಿ ಮೊದಲ ಸಲ ನನ್ನೆದುರು ನಕ್ಕಳು. ಆವತ್ತು ನನಗೆ ರೊಟ್ಟಿಯ ಮೇಲೆ ಬೆಣ್ಣೆ ಹೆಚ್ಚು ಬಿತ್ತು.

ದಾವೆ ಸಾಕ್ಷಿಯ ಹಂತಕ್ಕೆ ಬಂದಾಗ ಬಿಕ್ಕಟ್ಟಾಯಿತು. ಛಾಪಾ ಶುಲ್ಕ ಕಡಿಮೆಯೆಂದು ದಂಡ ಕಟ್ಟಿಸಿಕೊಂಡ ಮೇಲೆ ಕೋರ್ಟು ಕಾಗದವನ್ನೇನೋ ತೆಗೆದುಕೊಂಡಿತು. ಆದರೆ ಮಾರಿದವನು ಅದಕ್ಕೆ ಸಹಿ ಹಾಕಿದ್ದನ್ನು ರುಜುವಾತು ಮಾಡಬೇಕಿತ್ತು. ಬರೆದವನು ಯಾರೆಂದು ಗೊತ್ತಿಲ್ಲ, ಸಾಕ್ಷಿಗಳಲ್ಲಿ ಒಬ್ಬ ಸತ್ತಿದ್ದ. ಉಳಿದವನು ಒಬ್ಬನೇ, ಆಕೆ ಕಣ್ಣು ತೆಗೆದವನು.

"ಅಂವನ್ನ ಕರೆಸಡ. ಸಹಿ ಅಪ್ಪಂದಲ್ಲ ಹೇಳಿ ಹೇಳಿದ ಅಂದ್ರೆ ಮುಗತ್ತು" ಎಂದು ಹಿರಿಯರು ಮೊದಲು ಬೇಡವೆಂದರು. ಆದರೆ ಬೇರೆ ದಾರಿ ಇರಲಿಲ್ಲ. ಎರಡು ವಾರ ಬಿಟ್ಟು ಅವರೇ, "ಹೋಗಿ ಒಂದ್ಸಲ ಮಾತಾಡ್ಸಿ ಬಾ" ಎಂದರು.

ಅವನು ಯಲ್ಲಾಪುರದಲ್ಲಿ ಹೆದ್ದಾರಿಯ ಪಕ್ಕ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ. ಒಂದು ಕಣ್ಣಿನವನಿಗೆ ಲಾರಿ ಯಾರೂ ಕೊಡಲಿಲ್ಲ. ಅಣ್ಣ ಆಸ್ಪತ್ರೆಗೆ ಎರಡು ಸಲ ಬಂದವನು ಆಮೇಲೆ ಬಂದಿರಲಿಲ್ಲ. ನಾನು ಹೋದಾಗ ಲಾರಿ ಟಯರಿನ ಮೇಲೆ ನಿಂತು ಕಬ್ಬಿಣದ ಪಟ್ಟಿ ಹಾಕಿ ರಿಮ್ಮು ಬಿಡಿಸುತ್ತಿದ್ದ. ಯಾರ ಕಡೆಯವನೆಂದು ಹೇಳಿದೆ. ಪಟ್ಟಿ ಕೈಯಲ್ಲೇ ಇತ್ತು, ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಆ ಸಹಿ ವಿಷಯ..." ಎಂದು ಶುರುಮಾಡಿದೆ.

"ಸಮನ್ಸ್ ಕಳಸ್ರಿ. ಬರ್ತೀನಿ."

"ಬಂದು ಏನು ಹೇಳ್ತೀರಿ ಅಂತ..."

"ಅದನ್ನ ಅಲ್ಲೇ ಹೇಳ್ತೀನ್ರಿ. ನೀವು ಬಂದು ನಂಗ ಹೇಳೂದ ಬ್ಯಾಡ, ಅಣ್ಣಾನೂ ಬಂದು ಹೇಳೂದ ಬ್ಯಾಡ." ಮತ್ತೆ ಟಯರಿಗೆ ಬಗ್ಗಿದ.

ವಿಚಾರಣೆಯ ದಿನ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಟಕಟೆ ಹತ್ತಿದ. ನಮ್ಮ ಹಿರಿಯರು ಕಾಗದ ತೋರಿಸಿದರು. ಅವನು ಅದನ್ನು ಎಡಗಣ್ಣಿನ ಹತ್ತಿರ ಹಿಡಿದು ನೋಡಿದ.

"ಇದು ಅಪ್ಪನ ಸಹಿ. ಇದು ನಂದು. ನಮ್ಮ ಮನಿ ಕಟ್ಟಿ ಮ್ಯಾಲ ಕುಂತ ಹಾಕೀವಿ. ರೊಕ್ಕ ಅಪ್ಪ ಎಣಿಸಿ ತಗೊಂಡ."

ಸಾಹುಕಾರನ ವಕೀಲರು ಎದ್ದರು. "ಈ ಹೆಂಗಸು ನಿಮ್ಮ ಕಣ್ಣು ತೆಗೆದದ್ದು ನಿಜವೇ?"

"ಖರೆ."

"ಹಾಗಿದ್ದೂ ಆಕೆಯ ಪರ ಸಾಕ್ಷಿ ಹೇಳುತ್ತಿದ್ದೀರಿ. ಎಷ್ಟು ಕೊಟ್ಟಿದ್ದಾರೆ?"

"ಆಕಿ ಪರ ಅಲ್ರಿ" ಎಂದ ಅವನು. "ಸಹಿ ನಂದು. ಕಣ್ಣಿಂದು ಬ್ಯಾರೆ ಕೇಸ್ ಐತಿ. ಅದು ಬ್ಯಾರೆ ನಡದೈತಿ."

ಹೊರಗೆ ಬಂದವನನ್ನು ಕೋರ್ಟಿನ ಆವಾರದಲ್ಲೇ ಹಿಡಿದರು. ಅಣ್ಣ ಹೆಲ್ಮೆಟ್ಟಿನಿಂದ ಬಾಯಿಗೆ ಹೊಡೆದ. ಎರಡು ಹಲ್ಲು ಬಿಳಿ ಅಂಗಿಯ ಮೇಲೆ ರಕ್ತದ ಜೊತೆ ಉದುರಿದವು. ಕೆಳಗೆ ಬಿದ್ದ ಮೇಲೆ ಕುರುಡು ಕಣ್ಣಿನ ಬದಿಯಿಂದಲೇ ಒದೆಯುತ್ತಿದ್ದರು, ಆ ಬದಿಯಿಂದ ಬರುವುದು ಅವನಿಗೆ ಕಾಣುತ್ತಿರಲಿಲ್ಲ. ಆಕೆ ಕಟ್ಟೆಯಿಂದ ಎದ್ದು, ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದಳು. ಒಬ್ಬನ ಕಿವಿಗೆ ಚಪ್ಪಲಿ ಬೀಸಿದಳು, ಇನ್ನೊಬ್ಬನ ಕೂದಲು ಹಿಡಿದಳು. ಬಿದ್ದವನು ತಲೆ ಎತ್ತಿ ಆಕೆಯನ್ನು ನೋಡಿ, "ನೀ ಬರಬ್ಯಾಡ" ಎಂದ. "ನನ್ನ ಹತ್ರ ಬರಬ್ಯಾಡ ನೀ."

ಆಕೆ ಹಿಡಿದಿದ್ದ ಕೂದಲು ಬಿಟ್ಟು ಅಲ್ಲೇ ನಿಂತಳು. ಪೊಲೀಸರು ಬಂದು ಎಲ್ಲರನ್ನೂ ಬಿಡಿಸಿದರು. ಆಕೆಗೆ ಯಾರಾದರೂ ಏನಾದರೂ ಅಂದು, ಆಕೆ ತಿರುಗಿ ಏನೂ ಅನ್ನದೇ ಇದ್ದದ್ದನ್ನು ನಾನು ಕಂಡದ್ದು ಅದೊಂದು ಸಲ.

ಆ ಸಾಕ್ಷಿಯ ಮೇಲೆ ನಾವು ಗೆದ್ದೆವು. ಪೈರು ನಿಂತ ಗದ್ದೆ, ಅದರಲ್ಲಿ ಗುಡಿಸಲು, ಗುಡಿಸಲಲ್ಲಿ ಹೆಂಗಸು ಇರುವಾಗ, ಕೊಂಡ ಸಾಹುಕಾರ ತನಗೇನೂ ಗೊತ್ತಿರಲಿಲ್ಲ ಎನ್ನುವಂತಿಲ್ಲ ಎಂದು ನಮ್ಮ ಹಿರಿಯರು ವಾದಿಸಿದ್ದನ್ನು ಕೋರ್ಟು ಒಪ್ಪಿತು. ಸಾಹುಕಾರನ ದಾವೆ ವಜಾ ಆಯಿತು. ಪಹಣಿಯಲ್ಲಿ ಹೆಸರು ಅವನದು, ಗದ್ದೆಯಲ್ಲಿ ಆಕೆ. ಹಿರಿಯರು ತೀರ್ಪನ್ನು ಓದಿ ಹೇಳಿದಾಗ ಆಕೆ ಒಂದೇ ಕೇಳಿದಳು: "ಇನ್ನೊಂದ ಕೇಸ್ ಯಾವಾಗ?"

ಇನ್ನೊಂದು, ಕಣ್ಣಿನ ಕೇಸು. ಅದನ್ನು ಹಿರಿಯರು ಪೂರ್ತಿ ನನಗೆ ಬಿಟ್ಟಿದ್ದರು. ನಾನು ಹುರುಪಿನಲ್ಲಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಬರೆದುಕೊಂಡಿದ್ದೇ ನನ್ನ ವಾದ. ಅವನು ಟ್ರ್ಯಾಕ್ಟರು ಮೈಮೇಲೆ ತಂದ, ಜೀವ ಉಳಿಸಿಕೊಳ್ಳಲು ಆಕೆ ಕುಡಗೋಲು ಬೀಸಿದಳು. ಪಂಚನಾಮೆಯಲ್ಲಿ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ರಕ್ತವಿತ್ತು ಎಂದಿತ್ತು. ಅವರ ಕಡೆಯ ಉಳಿದ ಸಾಕ್ಷಿಗಳು ಒಬ್ಬೊಬ್ಬರು ಒಂದೊಂದು ಹೇಳಿ ಕೆಡಿಸಿದ್ದರು. ಅವನು ಮಾತ್ರ, ನಾನು ಇಂಜಿನ್ ನಿಲ್ಲಿಸಿ ಇಳಿದಿದ್ದೆ, ಸಾಕು ಬಿಡ್ರಿ ಎಂದು ಅಣ್ಣನಿಗೆ ಹೇಳಿ ಆಕೆಯನ್ನು ಎಬ್ಬಿಸಲು ಹೋಗಿದ್ದೆ ಎಂದ.

ಪಾಟೀಸವಾಲಿಗೆ ನಾನು ಎದ್ದೆ.

"ಎಂಟು ಜನರ ಗುಂಪಿನಲ್ಲಿ ಹೊಲ ಹಾಳುಮಾಡಲು ಬಂದ ನೀವು, ಅಷ್ಟರಲ್ಲಿ ಒಮ್ಮೆಲೇ ಎಬ್ಬಿಸಲು ಹೋದಿರಿ?"

"ಹೌದ್ರಿ."

"ಬಾನೆಟ್ಟಿನ ಮೇಲೆ ರಕ್ತ ಹೇಗೆ ಬಂತು?"

"ಕಣ್ಣ ಮುಚ್ಚಿಕೊಂಡ ಅದಕ್ಕ ಆನಕೊಂಡಿದ್ದೆ."

"ನೀವು ಹೇಳುತ್ತಿರುವುದು ಸುಳ್ಳು."

"ಅಲ್ರಿ."

"ಪೂರ್ತಿ ಸುಳ್ಳು."

ಅವನು ಎಡಗಣ್ಣಿನಿಂದ ನನ್ನನ್ನು ನೋಡಿದ. ಉತ್ತರ ಕೊಡಲಿಲ್ಲ ಎಂದು ಬರೆಸಿದೆ. ಚೆನ್ನಾಗಿ ಮಾಡಿದೆ ಎಂದು ಪಕ್ಕದ ವಕೀಲರು ಬೆನ್ನು ತಟ್ಟಿದರು. ನಾನು ಆರೋಪಿಯ ಜಾಗದಲ್ಲಿ ನಿಂತಿದ್ದ ಆಕೆಯತ್ತ ನೋಡಿದೆ. ಆಕೆ ನನ್ನನ್ನು ನೋಡುತ್ತಿರಲಿಲ್ಲ.

ಮುಂದಿನ ತಾರೀಖಿಗೆ ಮ್ಯಾಜಿಸ್ಟ್ರೇಟರು ಪದ್ಧತಿಯಂತೆ ಆರೋಪಿಯನ್ನು ಪ್ರಶ್ನಿಸಬೇಕಿತ್ತು. ಏನು ಕೇಳಿದರೂ 'ಸುಳ್ಳು' ಎನ್ನಬೇಕು, ಕೊನೆಗೆ ಟ್ರ್ಯಾಕ್ಟರಿನ ಮಾತು ಹೇಳಬೇಕು ಎಂದು ನಾನು ಮೂರು ಸಲ ಹೇಳಿಕೊಟ್ಟಿದ್ದೆ. ಆಕೆ ಹೂಂ ಎಂದಿದ್ದಳು.

ಮ್ಯಾಜಿಸ್ಟ್ರೇಟರು ಓದಿದರು. "ಫಿರ್ಯಾದಿ ಟ್ರ್ಯಾಕ್ಟರಿನಿಂದ ಇಳಿದು ನಿಮ್ಮನ್ನು ಎಬ್ಬಿಸಲು ಬಂದಾಗ ನೀವು ಕುಡಗೋಲಿನಿಂದ ಹೊಡೆದಿರಿ ಎಂದು ಸಾಕ್ಷ್ಯ ಬಂದಿದೆ. ಏನು ಹೇಳ್ತೀರಿ?"

"ಖರೆ ಐತ್ರಿ."

ಮ್ಯಾಜಿಸ್ಟ್ರೇಟರು ತಲೆ ಎತ್ತಿದರು. ನಾನು ಎದ್ದು ಏನೋ ಹೇಳಲು ಹೋದೆ, ಅವರು ಕೈ ಮಾಡಿ ಕೂರಿಸಿದರು.

"ತಿಳಿದು ಹೇಳ್ತಿದ್ದೀರಾ?"

"ತಿಳದ ಹೇಳ್ತೀನ್ರಿ. ಹೊಡದಾವರು ಬ್ಯಾರೆ ಮಂದಿ, ಅವರು ಆಚೀಕ ನಿಂತಿದ್ರು. ಇಂವ ಇಳದು ಬಂದ. ಏಳವ್ವ ಅಂದ, ಕೈ ಕೊಟ್ಟ. ಯಾಕ ಬಂದಾನ ಅಂತ ನಂಗ ಗೊತ್ತಾತು. ಗೊತ್ತಾದ ಮ್ಯಾಲೇನ ಹೊಡದೆ. ಕೈಗೆ ಸಿಕ್ಕಾಂವ ಅವನ ಒಬ್ಬಾಂವ ಇದ್ದ."

ಅವನು ಬಾಗಿಲ ಹತ್ತಿರ ನಿಂತಿದ್ದ. ಪೂರ್ತಿ ಕೇಳಿ ಹೊರಗೆ ಹೋದ.

ಹೊರಗೆ ನಾನು ಆಕೆಯ ಮೇಲೆ ಕೂಗಾಡಿದೆ. ಬಿಡುಗಡೆ ಖಂಡಿತ ಇತ್ತು, ನನ್ನ ಮರ್ಯಾದೆ ತೆಗೆದಿರಿ, ಜೈಲಿಗೆ ಹೋದರೆ ಗದ್ದೆ ಯಾರು ಕಾಯುತ್ತಾರೆ ಎಂದೆಲ್ಲ ಹೇಳಿದೆ.

"ಸುಳ್ಳ ಹೇಳತಿ ಅಂದ್ರಿ ನೀವು ಅವಂಗ" ಎಂದಳು. "ಎಲ್ಲಾರ ಮುಂದ ಅಂದ್ರಿ. ಅಂವ ಸುಳ್ಳ ಹೇಳೂ ಮನಷಾ ಅಲ್ಲ."

"ನೀವೇ ಹಾಗೆ ಬರೆದುಕೊಳ್ಳಿ ಅಂದಿದ್ರಿ."

"ಅಂದಿದ್ದೆ. ಅದೂ ನಂದ ತಪ್ಪು."

ಆರು ತಿಂಗಳ ಶಿಕ್ಷೆಯಾಯಿತು. ಅಪೀಲು ಬೇಡ ಎಂದಳು. ಕೆನ್ನೆಗೆ ಏಟು ತಿಂದಿದ್ದ ಅಳಿಯನೇ ಹೆಂಡತಿಯನ್ನು ಕರೆದುಕೊಂಡು ಬಂದು ಆ ಆರು ತಿಂಗಳು ಗುಡಿಸಲಿನಲ್ಲಿ ಉಳಿದ. ಅವರ ಕಡೆಯವರು ಒಂದು ಸಲ ಬಂದರು, ಮಗಳು ಕುಡಗೋಲು ಹಿಡಿದು ಬಾಗಿಲಿಗೆ ಬಂದದ್ದನ್ನು ನೋಡಿ ಹಿಂತಿರುಗಿದರು. ಆ ಕೇಸಾದ ಮೇಲೆ ನಾನು ಎಷ್ಟೋ ಪಾಟೀಸವಾಲು ಮಾಡಿದ್ದೇನೆ. 'ಪೂರ್ತಿ ಸುಳ್ಳು' ಎಂಬ ಎರಡು ಪದವನ್ನು ಸಾಕ್ಷಿಯ ಮುಖ ನೋಡಿ ಹೇಳಲು ನನಗೆ ಇಂದಿಗೂ ಕಷ್ಟವಾಗುತ್ತದೆ.

ಬಿಡುಗಡೆಯಾಗಿ ನಾಲ್ಕು ವರ್ಷ ಬದುಕಿದ್ದಳು. ಪಿತ್ತಕೋಶದ ಕಾಯಿಲೆ. ಕೊನೆಗೂ ಆಸ್ಪತ್ರೆಯಲ್ಲಿ ಮಲಗಲು ಒಪ್ಪಲಿಲ್ಲ. ಮಗಳು ಫೋನು ಮಾಡಿದಾಗ ನಾನು ಯಲ್ಲಾಪುರದ ಕೋರ್ಟಿನಲ್ಲಿದ್ದೆ. ಕೆಲಸ ಬಿಟ್ಟು ಮಣ್ಣಿಗೆ ಹೋದೆ.

ರುದ್ರಭೂಮಿಯ ಬೇಲಿಯ ಹತ್ತಿರ ಪಂಕ್ಚರ್ ಅಂಗಡಿಯವನು ನಿಂತಿದ್ದ. ನನಗಿಂತ ಮೊದಲೇ ಬಂದಿದ್ದ. ಇಷ್ಟು ವರ್ಷ ಅವನೆದುರು ನಿಲ್ಲಲು ನನಗೆ ಧೈರ್ಯವಾಗಿರಲಿಲ್ಲ. ಅಂದು ಹೋಗಿ ಪಕ್ಕದಲ್ಲಿ ನಿಂತೆ. ಅವತ್ತು ಕೋರ್ಟಿನಲ್ಲಿ ನಾನು ಹಾಗೆ ಅನ್ನಬಾರದಿತ್ತು ಎಂದೆ. "ಇರ್ಲಿ ಬಿಡ್ರಿ, ನಿಮ್ಮ ಕೆಲಸ" ಎಂದ.

ಆಮೇಲೆ ಅವನೇ ಹೇಳಿದ. "ಜೈಲಿಂದ ಬಂದ ವಾರದಾಗ ಅಂಗಡಿಗೆ ಬಂದಿದ್ಲು."

"ಏನಂದಳು?"

"ಏನೂ ಅನ್ಲಿಲ್ಲ. ಟಯರ್ ಮ್ಯಾಲ ಒಂದ ತಾಸು ಕುಂತ್ಲು. ಚಾ ತರಿಸಿದೆ, ಕುಡದ್ಲು. ಬಸ್ ಬಂತು, ಹೋದ್ಲು."

"ಕ್ಷಮಿಸಿದಿರಿ ಅನ್ನಿ" ಎಂದೆ.

ಅವನು ನನ್ನ ಕಡೆ ತಿರುಗಿದ. ನಾನು ಅವನ ಬಲಬದಿಗೆ ನಿಂತಿದ್ದರಿಂದ ಪೂರ್ತಿ ತಿರುಗಬೇಕಾಯಿತು.

"ಇಲ್ರಿ" ಎಂದ. "ಕಣ್ಣ ಹೋಗೇತಲ್ರಿ."

ಅಷ್ಟರಲ್ಲಿ ಮಣ್ಣು ಹಾಕುವವರು ಬನ್ನಿ ಎಂದು ಅಳಿಯ ಕರೆದ. ಅವನು ಚಪ್ಪಲಿ ಬೇಲಿಯ ಹತ್ತಿರ ಬಿಟ್ಟು, ಹೋಗಿ ಸಾಲಿನಲ್ಲಿ ನಿಂತ.